ಕಾರಿನಲ್ಲಿ ನಾಯಿಗೆ ಸಿಕ್ಕ ಜಾಗ

ಬೈರುತ್, ಚರ್ಚಿನ ನೆಲಮಾಳಿಗೆ
೨ ಆಗಸ್ಟ್ ೨೦೦೬

ಮುದ್ದಿನ ತಂಗಿ ನಿಂಫಾ,

ಅಮ್ಮನ ಮಂಡಿನೋವು ಹೇಗಿದೆ? ಅಪ್ಪ ಈಗಲಾದರೂ ದೋಣಿ ಬಿಟ್ಟನೋ, ಹಟ ಹಿಡಿದು ಸಮುದ್ರಕ್ಕೆ ಹೋಗುತ್ತಲೇ ಇದ್ದಾನೋ? ಈ ಪತ್ರವನ್ನು ನೀನು ಮನೆಯವರ ಮುಂದೆ ಗಟ್ಟಿಯಾಗಿ ಓದುತ್ತೀಯ ಅಂತ ಗೊತ್ತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಮ್ಮಾ, ಅಳಬೇಡ, ನನ್ನ ಕೈಕಾಲು ನೆಟ್ಟಗಿವೆ. ನಾಡಿದ್ದು ನಮ್ಮನ್ನು ಬಸ್ಸಿನಲ್ಲಿ ದಮಾಸ್ಕಸ್‌ಗೆ, ಅಲ್ಲಿಂದ ವಿಮಾನದಲ್ಲಿ ಮನಿಲಾಕ್ಕೆ ಕಳಿಸುತ್ತಾರೆ. ನನ್ನ ಪಕ್ಕದ ಚಾಪೆಯ ಗೆಳತಿ ಜೋವಿತಾಳಿಗೆ ಇವತ್ತಿನ ಬಸ್ಸಿನಲ್ಲೇ ಜಾಗ ಸಿಕ್ಕಿದೆ. ಪತ್ರ ಅವಳ ಕೈಲಿ ಬರುತ್ತದೆ.

ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ ನಿಂಫಾ. ಬಾಂಬ್ ಹಾಕುವವರ ಮೇಲಿನ ಸಿಟ್ಟು ಬೇರೆ. ಅವರಿಗೆ ನನ್ನ ಹೆಸರೂ ಗೊತ್ತಿಲ್ಲ. ಆದರೆ ನಾನು ಕೆಲಸಕ್ಕಿದ್ದ ಮನೆಯ ಯಜಮಾನ ಸಾಮಿ ಸಾರ್‌ಗೆ ಗೊತ್ತಿತ್ತಲ್ಲ, ಆರು ವರ್ಷ ನನ್ನ ಕೈಯಡುಗೆ ಉಂಡವನಿಗೆ? ಪಕ್ಕದ ಬಡಾವಣೆಯ ಕಟ್ಟಡಗಳು ಕುಸಿಯತೊಡಗಿದ ಬೆಳಗ್ಗೆ ಗಂಡ ಹೆಂಡತಿ ಕಾರು ತುಂಬಿದರು. ಮಕ್ಕಳು, ಬೆಳ್ಳಿ ತಟ್ಟೆಗಳು, ಈ ಸುಡು ಬೇಸಿಗೆಯಲ್ಲಿ ಮೇಡಂನ ತುಪ್ಪಳದ ಕೋಟು, ಹಿಂದಿನ ಸೀಟಿನ ಮೇಲೆ ಮೆತ್ತೆ ಹಾಕಿ ನಾಯಿ ಕೋಕೋ. ‘ಕಾರು ತುಂಬ್ತು ಲುಸ್ವಿಮಿಂದಾ. ಅಮ್ಮನ್ನ ನೋಡ್ಕೋ, ಬೆಟ್ಟಕ್ಕೆ ಹೋಗಿ ಜಾಗ ನೋಡಿ ಬರ್ತೀವಿ’ ಅಂದವನು ಹೊರಗಿನಿಂದ ಬೀಗ ಹಾಕಿಕೊಂಡು ಹೋದ. ನಡೆಯಲಾಗದ ಅವನ ಮುದಿ ತಾಯಿ ತೇತಾ ಗಾಲಿಕುರ್ಚಿಯಲ್ಲಿ, ನಾನು ಅವಳ ಪಕ್ಕದಲ್ಲಿ.

ರೇಡಿಯೋದಲ್ಲಿ ನಮ್ಮ ಭಾಷೆಯಲ್ಲೇ ಹೇಳುತ್ತಿದ್ದರು: ಫಿಲಿಪೀನ್ಸಿನ ಪ್ರಜೆಗಳೆಲ್ಲ ಚರ್ಚಿಗೆ ಬನ್ನಿ, ಪಾಸ್‌ಪೋರ್ಟ್ ಜೊತೆಗಿರಲಿ, ಕಿಟಕಿಗಳಿಂದ ದೂರವಿರಿ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಪಾಸ್‌ಪೋರ್ಟನ್ನು ನಾನು ಬಂದ ದಿನವೇ ಸಾರ್ ‘ಕಳೆದುಹೋಗ್ಬಾರದು’ ಅಂತ ಎತ್ತಿಟ್ಟುಕೊಂಡಿದ್ದ. ಬೀಗದ ಒಳಗೆ ನಿಂತ ನಾನು ಯಾವ ಸೀಮೆಯ ಪ್ರಜೆ?

ಅವರು ಮರಳಿ ಬರಲಿಲ್ಲ, ಫೋನೂ ಇಲ್ಲ. ಅಡುಗೆಮನೆಯ ಗಾಜು ಒಡೆದು ಉದುರಿದ ದಿನ ತೇತಾ ಜಪಮಾಲೆ ಪಕ್ಕಕ್ಕಿಟ್ಟಳು. ‘ನಾಯಿಗೆ ಜಾಗ ಸಿಕ್ತು, ಹೆತ್ತವಳಿಗೆ ಸಿಗ್ಲಿಲ್ಲ. ನಾನು ಹೆತ್ತಿದ್ದು ಮಗನ್ನೋ ಕತ್ತೇನೋ! ಕೂಗೇ ಹುಡುಗಿ. ನಂಗೆ ಉಸಿರಿಲ್ಲ, ನಿಂಗಿದೆಯಲ್ಲ!’ ಬಾಲ್ಕನಿಗೆ ಓಡಿ ಗಂಟಲು ಹರಿಯುವಂತೆ ಕೂಗಿದೆ. ಎದುರು ಕಟ್ಟಡದಲ್ಲಿ ಕೆಲಸಕ್ಕಿರುವ ಇಥಿಯೋಪಿಯಾದ ಬೆಲೈನೆಶ್ ಕಿಟಕಿಗೆ ಬಂದು, ‘ನನ್ನನ್ನೂ ಕೂಡಿಹಾಕಿ ಹೋಗಿದಾರೆ ಅಕ್ಕಾ!’ ಅಂದಳು. ಆಮೇಲೆ ಇಬ್ಬರೂ ಸೇರಿ ಬೀದಿಯೇ ನಡುಗುವಂತೆ ಕೂಗಿದೆವು. ಕೊನೆಗೆ ನಮ್ಮ ಕಟ್ಟಡದ ಕಾವಲುಗಾರ ಅಬು ಹಮೀದ್ ಹಾರೆ ಹಿಡಿದು ಬಂದ. ಬಂದವನು ಬಾಗಿಲ ಮುಂದೆ ನಿಂತು, ‘ಸಾಹೇಬ್ರು ನನ್ನ ಕೆಲಸ ಕಳೀತಾರಮ್ಮಾ’ ಅಂತ ಗೊಣಗಿದ. ಒಳಗಿನಿಂದ ತೇತಾ ಗದರಿದಳು: ‘ನಾಳೆ ನನ್ನ ಹೆಣ ಹೊರೋಕೆ ಹೇಗಿದ್ರೂ ಒಡೀಬೇಕಲ್ಲೋ! ಇವತ್ತೇ ಒಡಿ, ಹಗುರಾಗಿದೀನಿ!’ ಅವನು ಒಡೆದ. ತೇತಾಳನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿದ. ಹೋಗಿ ಬೆಲೈನೆಶ್‌ಳ ಬಾಗಿಲನ್ನೂ ಒಡೆದ. ತರಕಾರಿ ಲಾರಿಯಲ್ಲಿ ನಮ್ಮನ್ನೆಲ್ಲ ಚರ್ಚಿಗೆ ತಂದುಬಿಟ್ಟವನೂ ಅವನೇ. ಅವನಿಗಾಗಿ ನೀವೆಲ್ಲ ಒಂದು ಪ್ರಾರ್ಥನೆ ಹೇಳಿ.

ಇಲ್ಲಿ ತೇತಾ ನಮ್ಮ ಜೊತೆ ಅನ್ನ, ಒಣಮೀನು ತಿಂದಳು. ‘ಇದು ಮೀನಾ ಚಪ್ಪಲಿಯಾ?’ ಅಂದಳು, ಇನ್ನೊಂದು ತುಂಡು ಕೇಳಿದಳು. ನಿನ್ನೆ ಸಾಮಿ ಸಾರ್ ಹುಡುಕಿಕೊಂಡು ಬಂದ. ತಾಯಿಯ ಮುಖ ನೋಡುವ ಮೊದಲು ನನ್ನ ಮೇಲೆ ಹಾರಿದ: ‘ಬಾಗಿಲು ಒಡೆಸೋಕೆ ನಿನಗ್ಯಾರೇ ಹೇಳಿದ್ದು?’ ಪಾಸ್‌ಪೋರ್ಟ್ ಕೊಡಿ ಅಂದೆ. ಅದು ಬೆಟ್ಟದ ಮನೆಯಲ್ಲಿದೆ, ಜೊತೆಗೆ ಬಂದು ಅಮ್ಮನ್ನ ನೋಡಿಕೊಂಡರೆ ಕೊಡುತ್ತೇನೆ ಅಂದ. ಆಗ ತೇತಾ ಕುರ್ಚಿಯ ಕೈ ಬಿಗಿಯಾಗಿ ಹಿಡಿದಳು. ‘ಅವಳದ್ದು ಅವಳ ಕೈ ಸೇರೋವರೆಗೂ ನಾನು ಬರಲ್ಲ ಕಣೋ. ಇಷ್ಟು ಜನರ ಮುಂದೆ ಹೆತ್ತವಳನ್ನ ಎಳ್ಕೊಂಡು ಹೋಗ್ತೀಯಾ? ಎಳಿ ನೋಡೋಣ.’ ಚಾಪೆಗಳ ಮೇಲೆ ಕೂತಿದ್ದ ಹೆಂಗಸರೆಲ್ಲ ಒಬ್ಬೊಬ್ಬರೇ ಎದ್ದು ನಿಂತರು. ಅವನ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲೇ ಇತ್ತು ನಿಂಫಾ! ಎದೆಯ ಮೇಲಿಟ್ಟುಕೊಂಡೇ ಸುಳ್ಳು ಹೇಳುತ್ತಿದ್ದ!

ತೇತಾ ನನ್ನ ತಲೆ ಬಗ್ಗಿಸಿ ಮುತ್ತಿಟ್ಟು ಹೋದಳು. ಅವಳಿಗೆ ಅಲ್ಲಿ ಸ್ನಾನ ಮಾಡಿಸುವವರು ಯಾರು ಅನ್ನುವ ಚಿಂತೆಯನ್ನೂ ಆ ಮನುಷ್ಯ ನನ್ನ ತಲೆಗೇ ಕಟ್ಟಿ ಹೋದ.

ಆಶೀರ್ವಾದ ಬೇಡಿ ಅಪ್ಪ ಅಮ್ಮನ ಕೈಗಳನ್ನು ನನ್ನ ಹಣೆಗೆ ಒತ್ತಿಕೊಂಡೆ ಅಂತ ಹೇಳು. ದೇವರು ನಿಮ್ಮನ್ನೆಲ್ಲ ಕಾಯಲಿ.

ನಿನ್ನ ಅಕ್ಕ,
ಲುಸ್ವಿಮಿಂದಾ

ಇದನ್ನು ಪತ್ರದಲ್ಲಿ ಬರೆಯಲು ಮರೆತಿಲ್ಲ, ಬೇಕೆಂದೇ ಬೇರೆ ಚೀಟಿಯಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಮುಂದೆ ಓದಬೇಡ. ಬಸ್ಸು ಹಾರ್ನ್ ಹೊಡೆಯುತ್ತಿದೆ. ಪಾಸ್‌ಪೋರ್ಟ್ ಕೊಡುವಾಗ ಸಾಮಿ ಸಾರ್ ನಕ್ಕು ಹೇಳಿದ: ‘ಹೋಗೇ ಹೋಗು. ನಿನ್ನ ಜಾಗಕ್ಕೆ ಏಜೆಂಟ್ ನಿನ್ನ ತಂಗೀನೇ ಕಳಿಸ್ತಿದಾನೆ. ಫೋಟೋ ನೋಡಿದೆ, ನಿನಗಿಂತ ಗಟ್ಟಿಯಾಗಿದಾಳೆ.’ ನನಗೆ ಒಂದು ಮಾತೂ ಹೇಳದೆ ಕೆಲಸದ ಕರಾರಿಗೆ ಸಹಿ ಹಾಕಿದೆಯಾ? ಜೋವಿತಾ ಮನಿಲಾದಲ್ಲಿ ಇಳಿದವಳೇ ಮೊದಲು, ಹೊರದೇಶಕ್ಕೆ ಹೊರಟ ಹುಡುಗಿಯರನ್ನು ಇರಿಸುವ ಏಜೆಂಟನ ವಸತಿಗೆ ಹೋಗಿ ನಿನ್ನನ್ನು ಹುಡುಕುತ್ತಾಳೆ. ಇದು ಅಲ್ಲೇ ನಿನ್ನ ಕೈ ಸೇರಿದರೆ, ಯಾರನ್ನೂ ಕೇಳಬೇಡ, ಚೀಲ ಎತ್ತಿಕೊಂಡು ಅವಳ ಜೊತೆ ಊರಿನ ಹಡಗು ಹತ್ತು. ಬೈಯುವುದನ್ನೆಲ್ಲ ಬಂದು ಬೈಯುತ್ತೇನೆ.