ಕಾರು ಮಾರುವುದಿಲ್ಲ

ಅಜ್ಜಂಪುರ

ಪೂಜ್ಯ ಭಾವನವರಿಗೆ ತೀರ್ಥಮ್ಮನ ನಮಸ್ಕಾರಗಳು.

ನಮ್ಮ ಹಳೇ ಅಂಬಾಸಿಡರ್ ಕೊಳ್ಳಲು ಕಡೂರಿನಿಂದ ಗಿರಾಕಿ ಬರುತ್ತಾರೆಂದು ಹೇಳಿ ಕಳಿಸಿದ್ದೀರಿ. ಬರುವುದು ಬೇಡವೆಂದು ಅವರಿಗೆ ತಿಳಿಸಿ. ನಿಮ್ಮ ತಮ್ಮನಿಗೆ ಕೈಕಾಲು ಸ್ವಾಧೀನವಿಲ್ಲದಿರಬಹುದು, ನನಗೆ ಲೈಸೆನ್ಸ್ ಇದೆ.

ಮದುವೆಯಾದಾಗಿನಿಂದ ನಾವಿಬ್ಬರೂ ಈ ಕಾರಿನಲ್ಲಿ ಊರೂರು ಸುತ್ತಿದವರು. ಸ್ಟ್ರೋಕ್ ಆದ ಮೇಲೆ ಅವರು ಒಂದು ಮಾತನ್ನೂ ಆಡಿರಲಿಲ್ಲ. ಮೊನ್ನೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತರೀಕೆರೆ ದಾಟಿ ಕೆಮ್ಮಣ್ಣುಗುಂಡಿಯ ಏರು ಹತ್ತಿಸುತ್ತಿದ್ದೆ. ತಿರುವಿನಲ್ಲಿ ಎಂಜಿನ್ ತಿಣುಕತೊಡಗಿತು. ಆಗ ಅವರು, "ಗೇರ್ ಇಳ್ಸೇ, ದಡ್ಡಿ!" ಎಂದರು. ತೊದಲಿದರೂ ಮಾತು ಸ್ಪಷ್ಟವಾಗಿತ್ತು. ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿ, "ಇನ್ನೊಂದ್ಸಲ ಬೈರಿ," ಎಂದೆ. ಬೈದರು. ಆಮೇಲೆ ಗೇರ್ ಇಳಿಸಿ ಏರು ಹತ್ತಿಸಿದೆ.

"ಹೆಂಡ್ತಿ ಗಾಡಿ ಓಡಿಸ್ತಾಳೆ, ಗಂಡ ಪಕ್ಕದಲ್ಲಿ ಗೊಂಬೆ ಥರ ಕೂತಿರ್ತಾನೆ, ಮನೆತನದ ಮರ್ಯಾದೆ ಹೋಯ್ತು" ಎಂದಿರಂತೆ. ಹೋದರೆ ಹೋಗಲಿ. ಗೊಂಬೆ ಬೈಯುವುದಿಲ್ಲ, ಭಾವನವರೇ.

ಮುಂದಿನ ವಾರ ಇಬ್ಬರೂ ಮಲ್ಪೆಯ ಕಡಲಿಗೆ ಹೊರಡುತ್ತಿದ್ದೇವೆ. ನಿಮ್ಮ ಅಟ್ಟದ ಮೇಲೆ ನಮ್ಮ ಕಾರಿನ ಕ್ಯಾರಿಯರ್ ಇದೆ, ಅದನ್ನು ದಯವಿಟ್ಟು ಬಸ್ಸಿಗೆ ಹಾಕಿ ಕಳಿಸಿ. ಕಾರಿನ ನೆತ್ತಿಯ ಮೇಲೆ ಅವರ ವೀಲ್‌ಚೇರ್ ಕಟ್ಟಬೇಕು.

ಇತಿ,
ತೀರ್ಥಮ್ಮ