ಗ್ಲೌಸಿನ ಬಾಗಿಲು

ಫೆಬ್ರವರಿ 16, ಸೋಮವಾರ

ಮಕ್ಕಳನ್ನೆಲ್ಲ ಶಾಲೆಯ ಹತ್ತಿರ ಇಳಿಸಿ, ಬಸ್ಸನ್ನು ಶೆಡ್ಡಿಗೆ ಹಾಕಿ, ನೇರ ಬೇಸ್‌ಬಾಲ್ ತಂಡದ ಅಭ್ಯಾಸದ ಮೈದಾನಕ್ಕೆ. ಬೇಲಿಗೆ ಮೂಗು ಒತ್ತಿ ನಿಂತೆ. ಇವತ್ತೂ ಮ್ಯಾನೇಜರ್ ಹ್ಯಾಸ್ಕಿನ್ಸ್ ಪಿಚರ್‌ಗಳನ್ನು ಓಡಿಸಿದ್ದೇ ಓಡಿಸಿದ್ದು. ಚೆಂಡು ಎಸೆಯಲು ಕರೆಸಿದ್ದೋ, ಕುದುರೆ ರೇಸಿಗೋ?

ತಂಡದ ಹೆಸರೇ ಹೆರನ್ಸ್. ಬಕಪಕ್ಷಿ. ಪ್ರತಿ ವಸಂತಕ್ಕೂ ಉತ್ತರದ ಚಳಿ ಬಿಟ್ಟು ನಮ್ಮ ಫ್ಲಾರಿಡಾಕ್ಕೆ ಬಂದು ಬೀಡುಬಿಡುತ್ತಾರೆ. ನಾವು ಒಂಟಿಕಾಲಲ್ಲಿ ನಿಂತು ಕಾಯುತ್ತೇವೆ. ನಾನಂತೂ ಚಡ್ಡಿ ಹಾಕುತ್ತಿದ್ದ ಕಾಲದಿಂದ ಕಾಯುತ್ತಿದ್ದೇನೆ. ಕಪ್ ಒಂದೂ ಬಂದಿಲ್ಲ.

ಈ ಸಲ ಒಂದು ವಿಶೇಷ. ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದವನು ಪಿಚರ್! ಹೆಸರು ಟೀಗ್. ಓಕ್ಲಹೋಮಾದವನು. ಮೂವತ್ತನಾಲ್ಕು ದಾಟಿದೆ, ತಲೆ ಹಿಂದೆ ಕೂದಲು ಕಮ್ಮಿ. ಅಂಗಿಯ ನಂಬರ್ 81. ಅಷ್ಟು ದೊಡ್ಡ ನಂಬರ್ ಕೊಟ್ಟರು ಅಂದರೆ ಅರ್ಥ ಒಂದೇ — ಬಂದಿದ್ದೀಯ, ಬೆವರು ಸುರಿಸು, ಮಾರ್ಚಿನಲ್ಲಿ ಮನೆಗೆ ಹೋಗು.

ಫೆಬ್ರವರಿ 19

ಬೆಳಗ್ಗೆ ತಿಂಡಿಗೆ ಕೂತಾಗ ಬಾಯಿ ತಡೆಯಲಾಗದೆ ಕೇಳಿಯೇಬಿಟ್ಟೆ, ಹ್ಯಾಸ್ಕಿನ್ಸ್ ಬಗ್ಗೆ ಏನನ್ನಿಸುತ್ತೆ ಅಂತ. ಟೀಗ್ ಚಮಚ ಕೆಳಗಿಟ್ಟ.

"ಮಿಸ್ಟರ್ ವೆಂಡೆಲ್, ಒಂದು ಮಾತು ನಡೆಸಿಕೊಡ್ತೀರಾ? ಈ ಮನೇಲಿ ಆಟದ ಸುದ್ದಿ ಬೇಡ. ದಿನವಿಡೀ ಅಲ್ಲಿ ಅದೇ. ಇಲ್ಲಿ ಬಂದ್ರೆ ನಾನು ಬರೀ ಬಾಡಿಗೆಯವನು."

"ಆಯ್ತಪ್ಪ," ಅಂದೆ.

ಓರ್ಲೀನಾ ಒಲೆ ಮುಂದೆ ನಿಂತು ನಗು ನುಂಗುತ್ತಿದ್ದಳು. ಅವನು ಹೋದಮೇಲೆ, "ಮದುವೆಯಾಗಿ ಇಷ್ಟು ವರ್ಷದಲ್ಲಿ ನಿನ್ನ ಬಾಯಿ ಮುಚ್ಚಿಸೋಕೆ ನನ್ನ ಕೈಲಾಗಲಿಲ್ಲ. ಆ ಹುಡುಗ ಒಂದೇ ಮಾತಲ್ಲಿ ಮುಚ್ಚಿಸಿದ ನೋಡು" ಅಂದಳು.

ಹೆಂಡತಿ ಅನ್ನಿಸಿಕೊಂಡವಳು ಆಡುವ ಮಾತೇ ಇದು?

ಫೆಬ್ರವರಿ 26

ಪಂದ್ಯಗಳು ಶುರು. ಮೊದಲ ದಿನವೇ ಹೊಟ್ಟೆ ಉರಿಯಿತು.

ಮೊದಲು ಎಸೆಯಲು ಇಳಿದವನು ಕೋಡಿ ವ್ಯಾನ್‌ಡೈಕ್. ಮೀಸೆ ಸರಿಯಾಗಿ ಮೂಡಿಲ್ಲ. ಬಂದೂಕಿನಿಂದ ಬಂದಹಾಗೆ ಎಸೆಯುತ್ತಾನೆ, ಸರಿ — ಎಲ್ಲಿಗೆ ಅಂತ ಅವನಿಗೂ ಗೊತ್ತಿಲ್ಲ. ಒಂದು ಚೆಂಡು ಹಾಟ್‌ಡಾಗ್ ಮಾರುವವಳ ಕಡೆ ಹೋಯಿತು. ಆದರೂ ಅಂಕಿಸಂಖ್ಯೆ ನೋಡಿ ಆಟಗಾರರನ್ನು ಅಳೆಯುವ ಮ್ಯಾನೇಜ್‌ಮೆಂಟಿನ ಕಂಪ್ಯೂಟರ್ ಹುಡುಗರಿಗೆ ಅವನೇ ಕಣ್ಮಣಿ. ಟೀಗ್‌ನನ್ನು ಇಳಿಸಿದ್ದು ಕೊನೆಯ ಇನ್ನಿಂಗ್ಸ್‌ಗೆ. ಅರ್ಧ ಜನ ಎದ್ದು ಕಾರಿನ ಕಡೆ ಹೊರಟಮೇಲೆ. ಮೂವರನ್ನೂ ಔಟ್ ಮಾಡಿದ. ನೋಡಿದವರು ನಾನು, ಕಸ ಗುಡಿಸುವವರು, ಎರಡು ಕಡಲಹಕ್ಕಿ.

ಅವನ ಬಂಡವಾಳವೆಲ್ಲ ಆ ನಿಧಾನದ ಎಸೆತ. ತೋಳು ಬೀಸುವುದು ಜೋರಾಗಿ, ಚೆಂಡು ಬರುವುದು ಆರಾಮಾಗಿ. ಬ್ಯಾಟು ಹಿಡಿದವನು ಆಗಲೇ ಗಾಳಿಗೆ ಹೊಡೆದು ಮುಗಿಸಿರುತ್ತಾನೆ. ಅದನ್ನು ನೋಡುವುದೇ ಒಂದು ಸುಖ.

ಆದರೆ ಏನೋ ಒಂದು ಕಂಡಿತು... ನಾಳೆ ಸರಿಯಾಗಿ ನೋಡಬೇಕು.

ಮಾರ್ಚ್ 3, ಮಂಗಳವಾರ

ಕಂಡದ್ದು ನಿಜ. ಎಸೆಯುವ ಮುಂಚೆ ಚೆಂಡನ್ನೂ ಬೆರಳನ್ನೂ ಗ್ಲೌಸಿನೊಳಗೆ ಬಚ್ಚಿಟ್ಟುಕೊಳ್ಳುತ್ತಾನಲ್ಲ — ವೇಗದ ಎಸೆತವಾದರೆ ಗ್ಲೌಸು ಮುಚ್ಚಿಕೊಂಡಿರುತ್ತದೆ. ನಿಧಾನದ ಎಸೆತಕ್ಕೆ ಬೆರಳು ಅಗಲಿಸಿ ಹಿಡಿಯಬೇಕು, ಆಗ ಗ್ಲೌಸಿನ ಅಂಚು ಬಿಚ್ಚುತ್ತದೆ. ಸ್ವಲ್ಪ. ಬಸ್ಸಿನ ಬಾಗಿಲು ಸರಿಯಾಗಿ ಹಾಕಿಕೊಳ್ಳದೆ ಸಂದು ಬಿಟ್ಟಹಾಗೆ. ನನ್ನ ಕಣ್ಣಿಗೆ ಅಂಥದ್ದು ಬೇಗ ಬೀಳುತ್ತದೆ, ಜೀವನವಿಡೀ ಅದೇ ನೋಡಿದ್ದು.

ಎದುರಾಳಿಗಳಲ್ಲಿ ಒಬ್ಬ ಗಮನಿಸಿದರೂ ಟೀಗ್ ಕಥೆ ಮುಗಿಯಿತು. ಈ ಸಲ ತಂಡ ಸೇರದಿದ್ದರೆ ಆಟ ಬಿಟ್ಟು ಭಾವನ ಜೊತೆ ಈಜುಕೊಳ ಕಟ್ಟುವ ಕೆಲಸಕ್ಕೆ ಹೋಗುತ್ತೇನೆ ಅಂತ ಓರ್ಲೀನಾ ಹತ್ತಿರ ಹೇಳಿದನಂತೆ. ನನಗೆ ಹೇಳಲಿಲ್ಲ. ಅವಳಿಗೆ ಎಲ್ಲ ಹೇಳುತ್ತಾನೆ.

"ಹಾಗಾದ್ರೆ ಹೇಳು ಅವನಿಗೆ," ಅಂದಳು.

"ಹೇಗೆ ಹೇಳ್ಲಿ? ಆಟದ ಸುದ್ದಿ ಬೇಡ ಅಂದಿದ್ದಾನೆ. ಅಲ್ದೆ ಬಸ್ ಓಡಿಸೋನು ಪಿಚರ್‌ಗೆ ಪಾಠ ಹೇಳೋದಾ?"

"ಮ್ಯಾನೇಜರ್‌ಗೆ ಪಾಠ ಹೇಳೋಕೆ ನಾಚಿಕೆ ಇಲ್ಲ, ದಿನಾ ರೇಡಿಯೋಕ್ಕೆ ಫೋನ್ ಮಾಡ್ತೀಯ. ಊಟಕ್ಕೆ ಎದುರಿಗೇ ಕೂರೋನಿಗೆ ಹೇಳೋಕೆ ನಾಚಿಕೆ!"

ಹೊರಗೆ ಹೋಗಿ ಕಿತ್ತಳೆ ಗಿಡಕ್ಕೆ ನೀರು ಬಿಟ್ಟೆ. ಬೆಳಗ್ಗೆ ಆಗಲೇ ಬಿಟ್ಟಿದ್ದೆ.

ಮಾರ್ಚ್ 8, ಭಾನುವಾರ

ಚರ್ಚಿನಲ್ಲಿ ಮನಸ್ಸು ನಿಲ್ಲಲಿಲ್ಲ. ಪಾದ್ರಿ ತೋಳೆತ್ತಿದಾಗಲೂ ಅವರ ಕೈಯನ್ನೇ ನೋಡಿದೆ.

ಊಟಕ್ಕೆ ಸೀಗಡಿ. ಟೀಗ್ ಮೂರು ಸಲ ಬಡಿಸಿಕೊಂಡ. ಹೇಳಲು ಎರಡು ಸಲ ಬಾಯಿ ತೆರೆದೆ. ಒಂದು ಸಲ ಉಪ್ಪು ಕೇಳಿದೆ. ಇನ್ನೊಂದು ಸಲವೂ ಉಪ್ಪೇ.

ಮಾರ್ಚ್ 10

ಇವತ್ತು ತಲೆ ಕೆಟ್ಟುಹೋಯಿತು. ಕೋಡಿ ಗುರಿ ತಪ್ಪಿ ಎಸೆದು ನಾಲ್ವರಿಗೆ ಪುಕ್ಕಟೆ ಬೇಸ್ ಕೊಟ್ಟ, ಒಬ್ಬನ ಪಕ್ಕೆಗೆ ಬಾರಿಸಿದ, ಕೊನೆಗೆ ಹೋಮ್ ರನ್ ಹೊಡೆಸಿಕೊಂಡ. ಆಮೇಲೆ ಪತ್ರಿಕೆಯವರಿಗೆ ಹ್ಯಾಸ್ಕಿನ್ಸ್ ಹೇಳುತ್ತಾನೆ, "ಹುಡುಗ ಕಲೀತಿದ್ದಾನೆ, ನಮಗೆ ತುಂಬ ತೃಪ್ತಿ." ಟೀಗ್ ಬಗ್ಗೆ ಯಾರೋ ಕೇಳಿದರೆ, "ಯಾರು? ಓ, ಅವನಾ. ನೋಡೋಣ."

ಓ, ಅವನಾ!

ಕಾರಿನಲ್ಲೇ ಕೂತು ರೇಡಿಯೋಕ್ಕೆ ಫೋನ್ ಹಾಕಿದೆ. ಬಡ್ ಅಂತ, ಆಟದ ಕಾರ್ಯಕ್ರಮ ನಡೆಸಿಕೊಡುವವನು, ನನ್ನ ದನಿ ಕೇಳಿದರೆ ಅವನಿಗೆ ಖುಷಿ. "ಬಂದ್ರು ನೋಡಿ ನಮ್ಮ ಬಸ್ ವೆಂಡೆಲ್! ಇವತ್ತು ಯಾರ ತಲೆ ಮೇಲೆ ಹತ್ತಿಸ್ತೀರಾ?"

ಹತ್ತಿಸಿದೆ. ಮ್ಯಾನೇಜರ್, ಮಾಲೀಕ, ಕಂಪ್ಯೂಟರ್ ಹುಡುಗರು, ಪಿಚಿಂಗ್ ಕೋಚ್ — ಒಬ್ಬರನ್ನೂ ಬಿಡಲಿಲ್ಲ. ಜನ್ಮ ಜಾಲಾಡಿದೆ. ಬಡ್ ನಗುತ್ತಲೇ ಇದ್ದ. ಬಹಳ ದಿನದ ಮೇಲೆ ಎದೆ ಹಗುರವಾಯಿತು.

ಮಾರ್ಚ್ 11, ಬುಧವಾರ

ಎರಡು ಸಲ ಬರೆದು ಹೊಡೆದುಹಾಕಿದೆ.

ಇವತ್ತು ಟ್ಯಾನರ್ಸ್ ತಂಡದ ಜೊತೆ ಪಂದ್ಯ. ಇದೇ ಕರಾವಳಿಯಲ್ಲಿ ಸ್ವಲ್ಪ ಮೇಲಕ್ಕೆ ಅವರ ಬೀಡು. ಹ್ಯಾಸ್ಕಿನ್ಸ್‌ಗೆ ಏನನ್ನಿಸಿತೋ, ಟೀಗ್‌ನನ್ನು ಆರನೇ ಇನ್ನಿಂಗ್ಸ್‌ಗೇ ಇಳಿಸಿದ. ಜನ ತುಂಬಿದ್ದಾರೆ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಮೊದಲನೆಯವನು ನಿಧಾನದ ಎಸೆತಕ್ಕೆ ಕಾಯುತ್ತಿದ್ದ. ಬೇಲಿಯಾಚೆ ಹೊಡೆದ. ಎರಡನೆಯವನೂ ಕಾಯುತ್ತಿದ್ದ. ಮೂರನೆಯವನು ಬ್ಯಾಟು ಹಿಡಿದು ನಗುತ್ತಿದ್ದ. ಟ್ಯಾನರ್ಸ್ ಬೆಂಚಿನಿಂದ ಯಾರೋ ಸಿಳ್ಳೆ ಹಾಕುತ್ತಿದ್ದರು — ಎಲ್ಲ ಎಸೆತಕ್ಕಲ್ಲ. ಗ್ಲೌಸು ಬಿಚ್ಚಿದಾಗ ಮಾತ್ರ.

ಆಗ ನೆನಪಾಯಿತು. ನಿನ್ನೆ ಬಡ್ ಹತ್ತಿರ ಕಿರುಚಿದ್ದು — "ನಿಧಾನದ ಎಸೆತಕ್ಕೆ ಟೀಗ್ ಗ್ಲೌಸು ಬಿಚ್ಚುತ್ತೆ ಅಂತ ಬೇಲಿ ಹೊರಗೆ ನಿಂತಿರೋ ನನಗೆ ಕಾಣುತ್ತೆ, ಸಂಬಳ ತಗೊಳ್ಳೋ ನಿಮ್ಮ ಕೋಚ್‌ಗೆ ಕಾಣಲ್ವಾ?"

ಕೋಚ್‌ಗೆ ಬೈದೆ ಅಂದುಕೊಂಡಿದ್ದೆ. ಇಡೀ ಕರಾವಳಿಗೆ ಡಂಗುರ ಸಾರಿದ್ದೆ.

ಹ್ಯಾಸ್ಕಿನ್ಸ್ ನಡೆದು ಬಂದು ಚೆಂಡು ಇಸಿದುಕೊಂಡ. ಟೀಗ್ ತಲೆ ಬಗ್ಗಿಸಿ ಹೋದ. ನಾನು ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡೆ. ನಾಚಿಕೆಯಲ್ಲ, ಅಳು.

ಅದೇ ದಿನ, ಸಂಜೆ

ಬಂದ. ಅಡುಗೆಮನೆ ಬಾಗಿಲಲ್ಲಿ ನಿಂತ. ಓರ್ಲೀನಾಗೆ ನಾನು ಆಗಲೇ ಹೇಳಿದ್ದೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ಡ್ರೆಸಿಂಗ್ ರೂಮಲ್ಲಿ ನಿನ್ನೆಯ ರೆಕಾರ್ಡಿಂಗ್ ಹಾಕಿ ಕೇಳಿಸಿದ್ರು," ಅಂದ. "ನಿಮ್ಮ ದನಿ ರೇಡಿಯೋದಲ್ಲಿ ಚೆನ್ನಾಗಿ ಬರುತ್ತೆ, ಮಿಸ್ಟರ್ ವೆಂಡೆಲ್."

"ಟೀಗ್... ನಾನು ನಿನ್ನ ಪರವಾಗೇ..."

"ಗೊತ್ತು. ಪೂರ್ತಿ ಕೇಳ್ದೆ. ನನ್ನ ಪರವಾಗಿ ಇಷ್ಟು ಮಾತು ನನ್ನ ಏಜೆಂಟೂ ಆಡಿಲ್ಲ." ನಗಲಿಲ್ಲ. "ಎಷ್ಟು ದಿನದಿಂದ ಗೊತ್ತಿತ್ತು?"

"ಪಂದ್ಯ ಶುರುವಾದ ಮೊದಲನೇ ವಾರದಿಂದ."

"ದಿನಾ ಬೆಳಗ್ಗೆ ನನ್ನ ಎದುರಿಗೆ ಕೂತು ತಿಂಡಿ ತಿಂತಿದ್ರಿ."

"ಆಟದ ಸುದ್ದಿ ಬೇಡ ಅಂದಿದ್ದೆಯಲ್ಲಪ್ಪ."

ಅವನು ಚೀಲ ಎತ್ತಿಕೊಂಡ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹಾಕಿದ.

ಮಾರ್ಚ್ 12

ಬಸ್ಸಿನ ಕೆಲಸ ಮುಗಿಸಿ ಬಂದರೆ ಹಿತ್ತಲಲ್ಲಿ ಟೀಗ್. ಇವತ್ತು ಅವನಿಗೆ ಬಿಡುವು. ಬಕೆಟ್ ಬೋರಲು ಹಾಕಿದ್ದಾನೆ. ಅದರ ಮೇಲೆ ಚೆಂಡು ಹಿಡಿಯುವ ಒಂದು ಕ್ಯಾಚರ್ ಗ್ಲೌಸು.

"ಕೂತ್ಕೊಳ್ಳಿ," ಅಂದ. "ಬಾಯಿ ಬಿಡೋದು ನಿಮಗೆ ಹೇಳಿಕೊಡಬೇಕಾಗಿಲ್ಲ. ಗ್ಲೌಸು ಬಿಚ್ಚಿದ ಕೂಡಲೇ ಕೂಗಿ."

"ಏನಂತ ಕೂಗ್ಲಿ?"

"ಬಸ್ಸಲ್ಲಿ ಏನಂತ ಕೂಗ್ತೀರಿ?"

"ಬಾಗಿಲು! ಅಂತೀನಿ."

"ಅದನ್ನೇ."

ಎಸೆದ. "ಬಾಗಿಲು!" ಅಂದೆ. ಎಸೆದ. "ಬಾಗಿಲು!" ಪಕ್ಕದ ಮನೆಯವಳು ಕಿಟಕಿಯಿಂದ ಇಣುಕಿ, ಯಾವ ಬಾಗಿಲಪ್ಪ ಅಂದಳು. ನನ್ನ ಅಂಗೈ ಊದಿಕೊಂಡು ಹೋಯಿತು. ಓರ್ಲೀನಾ ಐಸ್ ತಂದುಕೊಟ್ಟು, "ಇವತ್ತಾದ್ರೂ ಸರಿಯಾದವರ ಹತ್ರ ಕೂಗಿದೆ" ಅಂದಳು. ನಿನ್ನೆಯಿಂದ ಆಡಿದ ಮೊದಲ ಮಾತು.

ಮಾರ್ಚ್ 20, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ದಿನಾ ಹಿತ್ತಲು, ದಿನಾ ಬಕೆಟ್. ಬಡ್ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.

ಇವತ್ತು ಮತ್ತೆ ಟ್ಯಾನರ್ಸ್, ಅವರ ಊರಿನಲ್ಲಿ. ಮತ್ತೆ ಟೀಗ್. ಮತ್ತೆ ಸಿಳ್ಳೆಗೆ ಕಾದು ಕೂತಿತ್ತು ಅವರ ಬೆಂಚು. ಗ್ಲೌಸು ಅಲ್ಲಾಡಲಿಲ್ಲ. ಸಿಳ್ಳೆ ಬರಲಿಲ್ಲ. ಮೂವರೂ ಗಾಳಿಗೆ ಬೀಸಿ ವಾಪಸ್ ಹೋದರು. ಕೂಗಬಾರದು ಅಂತ ಟೋಪಿ ಅಂಚು ಕಚ್ಚಿಕೊಂಡಿದ್ದೆ. ಈಗ ನೋಡಿದರೆ ಹರಿದಿದೆ.

ಇನ್ನು ಹ್ಯಾಸ್ಕಿನ್ಸ್ ಕೈಯಲ್ಲಿದೆ. ಅಂದರೆ ದೇವರ ಕೈಯಲ್ಲೂ ಇಲ್ಲ.

ಮಾರ್ಚ್ 22, ಭಾನುವಾರ. ಬೆಳಗ್ಗೆ

ಇವತ್ತು ತಂಡಕ್ಕೆ ಬೇಡದವರಿಗೆ ಕತ್ತರಿ ಹಾಕುವ ದಿನ. ಅಲ್ಲಿನ ಪದ್ಧತಿ ಹೀಗೆ — ಬಾಗಿಲಲ್ಲೇ ಯಾರಾದರೂ ತಡೆದು "ಮ್ಯಾನೇಜರ್ ಕರೀತಿದ್ದಾರೆ" ಅಂದರೆ ಮುಗಿಯಿತು. ಯಾರೂ ತಡೆಯದಿದ್ದರೆ ಅಂಗಿ ಹಾಕಿಕೊಂಡು ಮೈದಾನಕ್ಕೆ ಇಳಿಯುವುದು. ಬೇಗ ಮನೆಗೆ ಬಂದರೆ ಕೆಟ್ಟ ಸುದ್ದಿ. ಬರದಿದ್ದರೆ ಒಳ್ಳೆಯದು.

ಓರ್ಲೀನಾ ಚರ್ಚಿಗೆ ಬಾ ಅಂದಳು. ನೀನು ಹೋಗು ಅಂದೆ. ಅವಳೂ ಹೋಗಲಿಲ್ಲ. ರಸ್ತೆಯಲ್ಲಿ ಕಾರು ಹೋದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತೇವೆ, ಏನೂ ಆಗದವರ ಹಾಗೆ ಕೂರುತ್ತೇವೆ.

ಕಾಫಿ ಇನ್ನೂ ಆರಿರಲಿಲ್ಲ. ಬಂದ.

ಮಧ್ಯಾಹ್ನ

"ಕೊನೆಯ ಜಾಗ ಕೋಡಿಗೆ ಕೊಟ್ರು," ಅಂದ. ಕೈಯಲ್ಲಿ 81ರ ಅಂಗಿ, ಪ್ಲಾಸ್ಟಿಕ್ ಚೀಲದಲ್ಲಿ ಶೂ. ಓರ್ಲೀನಾ ತಬ್ಬಿಕೊಂಡು ಅತ್ತಳು. ನಾನು ಹ್ಯಾಸ್ಕಿನ್ಸ್‌ನ ಮೂರು ತಲೆಮಾರಿಗೆ ಬೈದೆ. ಕೊನೆಗೆ ಬಿಕ್ಕಿದೆ. ನನ್ನಿಂದಲೇ ಆಯಿತು, ಆ ಒಂದು ದಿನ ನಾನು ಬಾಯಿ ಮುಚ್ಚಿಕೊಂಡಿದ್ದರೆ —

"ಸ್ವಲ್ಪ ತಡೀರಿ, ಮಿಸ್ಟರ್ ವೆಂಡೆಲ್," ಅಂದ. "ಪಾರ್ಕಿಂಗಲ್ಲಿ ಇದ್ದಾಗಲೇ ಫೋನ್ ಬಂತು. ಟ್ಯಾನರ್ಸ್ ಕೋಚು. ಅವತ್ತು ಕಾರಲ್ಲಿ ಹೋಗ್ತಾ ನಿಮ್ಮ ಮಾತು ಕೇಳಿ, ಸಿಳ್ಳೆ ಹಾಕಿಸಿದ್ದು ಅವರೇ. 'ಹತ್ತು ದಿನದಲ್ಲಿ ಅದನ್ನ ಸರಿ ಮಾಡ್ಕೊಂಡಿದ್ದೀಯಲ್ಲ, ಯಾರಯ್ಯ ನಿನ್ನ ಕೋಚು?' ಅಂದ್ರು."

"ನೀನೇನಂದೆ?"

"ಬಸ್ ಡ್ರೈವರ್ ಅಂದೆ. ತಮಾಷೆ ಅಂದ್ಕೊಂಡ್ರು. ನಾಳೆ ಬಾ ಅಂದಿದ್ದಾರೆ. ನಂಬರ್ 34."

ಮೂವತ್ತನಾಲ್ಕು! ಅದು ತಂಡದಲ್ಲಿ ಉಳಿಯುವವನ ನಂಬರ್. ಓರ್ಲೀನಾ ಕುಣಿದೇಬಿಟ್ಟಳು. ನಾನೂ. ಆಮೇಲೆ ಕೂತಾಗ ಹೊಳೆಯಿತು, ಟ್ಯಾನರ್ಸ್ ಅಂದರೆ ನಮ್ಮ ಹುಟ್ಟಾ ವೈರಿಗಳು. ನನ್ನ ಅಪ್ಪ ಆ ಹೆಸರನ್ನು ಮನೆಯೊಳಗೆ ಎತ್ತಲು ಬಿಡುತ್ತಿರಲಿಲ್ಲ.

ಏಪ್ರಿಲ್ 4, ಶನಿವಾರ

ಟಿವಿಯಲ್ಲಿ ಪಂದ್ಯ. ಹೆರನ್ಸ್, ಟ್ಯಾನರ್ಸ್. ಹೆರನ್ಸ್ ಟೋಪಿ ಹಾಕಿಕೊಂಡೇ ಕೂತೆ. ಅದು ಬದಲಾಗುವುದಿಲ್ಲ ಅಂತ ಬೆಳಗ್ಗೆಯೇ ಓರ್ಲೀನಾಗೆ ಹೇಳಿದ್ದೇನೆ. ಟೀಗ್ ಚೆನ್ನಾಗಿ ಆಡಲಿ, ಗೆಲ್ಲುವುದು ನಮ್ಮವರೇ ಅಂದೆ. "ಆಯ್ತು ಆಯ್ತು" ಅಂದಳು.

ಕೋಡಿ ಇವತ್ತು ಚೆನ್ನಾಗೇ ಎಸೆದ. ಹೇಳಬೇಕಾದದ್ದು ಹೇಳಬೇಕು.

ಕೊನೆಯ ಇನ್ನಿಂಗ್ಸ್. ಟ್ಯಾನರ್ಸ್ ಒಂದೇ ರನ್ ಮುಂದೆ. ಗೇಟು ತೆರೆದು 34 ಓಡಿ ಬಂದ. ಕೂತಲ್ಲಿ ಕೂರಲಾಗದೆ ಪುಸ್ತಕ ತೊಡೆ ಮೇಲಿಟ್ಟುಕೊಂಡು ಗೀಚುತ್ತಿದ್ದೇನೆ. ಇಬ್ಬರು ಔಟ್. ಇಬ್ಬರು ನಮ್ಮವರು ಬೇಸ್ ಮೇಲೆ. ಒಂದು ಹೊಡೆತ ಬಿದ್ದರೆ ನಾವು ಗೆದ್ದೆವು. ಜೀವಮಾನವೆಲ್ಲ ಇದಕ್ಕೇ ಕಾದದ್ದು.

ಬಿಚ್ಚಿತು. ಈಗ ತಾನೆ. ಗ್ಲೌಸಿನ ಅಂಚು ಬಿಚ್ಚಿತು, ಟಿವಿಯಲ್ಲೂ ಕಂಡಿತು. ಜನರ ಗದ್ದಲಕ್ಕೆ ಮರೆತುಬಿಟ್ಟಿದ್ದಾನೆ. ನಮ್ಮ ಹುಡುಗನಿಗೆ ಕಾಣಲಿಲ್ಲ, ಗಾಳಿಗೆ ಬೀಸಿದ. ಎರಡನೇ ಸ್ಟ್ರೈಕ್, ಇನ್ನೊಂದಾದರೆ ಔಟ್. ಆದರೆ ಹ್ಯಾಸ್ಕಿನ್ಸ್ ಬೆಂಚಿನಲ್ಲಿ ಮುಂದಕ್ಕೆ ಬಗ್ಗಿದ. ಅವನಿಗೆ ಕಂಡಿತಾ? ಸಿಳ್ಳೆಗೆ ಬೆರಳು ಬಾಯಿಗೆ ಇಡುತ್ತಿದ್ದಾನಾ?

ಓರ್ಲೀನಾ ನನ್ನ ತೋಳು ಹಿಡಿದಿದ್ದಾಳೆ. "ಈಗ ಯಾರ ಕಡೆ ನೀನು?"

ಟೋಪಿ ಯಾವಾಗ ತೆಗೆದೆನೋ ಗೊತ್ತಿಲ್ಲ, ನೆಲದ ಮೇಲಿದೆ. ಅವನು ಮತ್ತೆ ಗ್ಲೌಸಿನೊಳಗೆ ಕೈ ಹಾಕಿದ. ಬೆರಳು ಅಗಲಿಸುತ್ತಿದ್ದಾನೆ.

ಬಾಗಿಲು, ಮಗಾ. ಬಾಗಿಲು ಹಾಕಿಕೋ. ಬಾಗಿ—