ನಾಲ್ಕನೇ ಸೀಟನ್ನು ಕಿತ್ತವರಿಗೆ

ಲೋಕಲ್ ರೈಲುಗಳ ಆಸನ ವ್ಯವಸ್ಥೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಮೂವರ ಬೆಂಚಿನಲ್ಲಿ ತಾವು ಮೂವರನ್ನೇ ಕೂರಿಸುತ್ತಿದ್ದೀರಿ. ಇದೇ ನನ್ನ ದೂರು. ನಗಬೇಡಿ, ಪೂರ್ತಿ ಓದಿ.

ಬದ್ಲಾಪುರದಿಂದ ಬೆಳಗ್ಗೆ ಹೊರಡುವ ನಮ್ಮ ಲೋಕಲಿನ ಮಹಿಳಾ ಬೋಗಿಯಲ್ಲಿ ಹಳೆಯ ಉದ್ದ ಬೆಂಚುಗಳು ಹೋಗಿ, ನಡುನಡುವೆ ಉಕ್ಕಿನ ಕೈಗಳಿರುವ ಬಿಡಿ ಕುರ್ಚಿಗಳು ಬಂದಿವೆ. 'ಪ್ರತಿ ಮಹಿಳೆಗೂ ಗೌರವದ ಆಸನ' ಎಂಬ ಫಲಕವನ್ನೂ ತಾವು ಅಂಟಿಸಿದ್ದೀರಿ. ಗೌರವವೇನೋ ಬಂತು, ಆಸನ ಒಂದು ಕಡಿಮೆಯಾಯಿತು. ಬೆಂಚಿನ ತುದಿಯಲ್ಲಿ ಅರ್ಧ ಭಾರ ಹಲಗೆಯ ಮೇಲೆ, ಅರ್ಧ ಭಾರ ದೇವರ ಮೇಲೆ ಹಾಕಿ ಕೂರುವ ನಾಲ್ಕನೆಯವಳು ತಮ್ಮ ನಕ್ಷೆಯಲ್ಲಿ ಎಲ್ಲೂ ಇಲ್ಲ. ತಾವು ಬೋಗಿಯ ತಪಾಸಣೆಗೆ ಬಂದದ್ದು ಭಾನುವಾರ ಮಧ್ಯಾಹ್ನವಂತೆ. ಆ ಹೊತ್ತಿನಲ್ಲಿ ನಮ್ಮ ರೈಲಿನಲ್ಲಿ ಹಾಸಿಗೆ ಬಿಚ್ಚಿ ಮಲಗಿಕೊಂಡೇ ಹೋಗಬಹುದು, ಸ್ವಾಮಿ.

ನಮ್ಮ ಬಾಯಿಯದೂ ತಪ್ಪಿದೆ ಎನ್ನಿ. ಹಳೆಯ ಬೆಂಚು ಕೀಳುವ ಮೊದಲು ಸಮೀಕ್ಷೆಗೆಂದು ತಾವು ಕಳಿಸಿದ ಹುಡುಗಿ ಬಂದಾಗ ನಾವು ಬಟಾಣಿ ಸುಲಿಯುತ್ತಿದ್ದೆವು. "ನಾಲ್ಕನೇ ಸೀಟು ಹೇಗಿದೆ ಮೇಡಂ?" ಎಂದಳು. ಬದ್ಲಾಪುರದ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ದಾದರಿನ ಮನೆಗೆ ಮರಳುವ ನರ್ಸ್ ಫಿಲೋಮಿನಾ ಬಾಯಿಯವರು ಸುಮ್ಮನಿರಲಿಲ್ಲ. "ಅದು ಸೀಟಾ? ಶಿಕ್ಷೆ ಕಣೇ! ದಾದರ್ ಬರೋ ಹೊತ್ತಿಗೆ ಅರ್ಧ ಸೊಂಟ ಬೆಂಚಲ್ಲಿರತ್ತೆ, ಇನ್ನರ್ಧ ಎಲ್ಲಿದೆ ಅಂತ ಹುಡುಕಬೇಕು." ನಾವೆಲ್ಲ ದನಿಗೂಡಿಸಿದೆವು. ನಾವು ಅತ್ತೆಯ ಬಗ್ಗೆಯೂ ದಿನಾ ಹೀಗೇ ಗೊಣಗುತ್ತೇವೆ. ಹಾಗೆಂದು ಅತ್ತೆಯನ್ನು ಹೊತ್ತೊಯ್ಯಿರಿ ಎಂದು ಅರ್ಥವೇ? ಇಷ್ಟು ವರ್ಷದಲ್ಲಿ ನಮ್ಮ ಮಾತನ್ನು ಇಲಾಖೆ ಕೇಳಿಸಿಕೊಂಡದ್ದು ಇದೊಂದೇ ಸಲ, ಅದೂ ಇದನ್ನೇ ಕೇಳಿಸಿಕೊಳ್ಳಬೇಕೇ?

ಈಗ ಮುಗ್ಧಾಳ ವಿಷಯಕ್ಕೆ ಬರುತ್ತೇನೆ. ಮುಗ್ಧಾ ತಾವಡೆ ದಾದರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಅಂಬರನಾಥದಲ್ಲಿ ಹತ್ತುತ್ತಾಳೆ. ಈಗ ಏಳು ತಿಂಗಳ ಬಸುರಿ. ರಜೆಯನ್ನು ಈಗಲೇ ಹಾಕಿದರೆ ಹೆತ್ತ ಮೇಲೆ ಮಗುವಿನ ಜೊತೆ ಇರಲು ಉಳಿಯುವುದಿಲ್ಲ, ಆದ್ದರಿಂದ ಓಡಾಡುತ್ತಿದ್ದಾಳೆ. ಹಳೆಯ ಬೆಂಚಿದ್ದಾಗ ಅವಳು ಬಂದು "ಅಕ್ಕಾ, ಸ್ವಲ್ಪ ಸರೀರಿ" ಎನ್ನುತ್ತಿದ್ದಳು. ನಾವು ಮೂವರೂ ಶಾಪ ಹಾಕುತ್ತಲೇ ಸರಿಯುತ್ತಿದ್ದೆವು. ಒಬ್ಬೊಬ್ಬರು ನಾಲ್ಕು ಬೆರಳು ಸರಿದರೂ ಅವಳಿಗೆ ಜಾಗವಾಗುತ್ತಿತ್ತು.

ಹೊಸ ಕುರ್ಚಿ ಬಂದ ಮೊದಲ ದಿನವೂ ಅವಳು ಅದೇ ಮಾತು ಹೇಳಿದಳು. ಫಿಲೋಮಿನಾ ಬಾಯಿ ಸರಿಯಲು ಹೋಗಿ ಉಕ್ಕಿನ ಕೈಗೆ ಪಕ್ಕೆ ತಾಗಿಸಿಕೊಂಡರು. "ಎಲ್ಲಿಗೆ ಸರೀಲಿ ಮಗಳೇ? ಈ ಕಬ್ಬಿಣ ಬಿಡಲ್ಲ ಅಂತಿದೆ!" ಎಲ್ಲರೂ ನಕ್ಕೆವು. ಆದರೆ ರಾತ್ರಿಯಿಡೀ ನಿಂತು ಬಂದ ಫಿಲೋಮಿನಾ ಬಾಯಿ ಏಳುವಂತಿರಲಿಲ್ಲ. ನಡುವೆ ಕುಳಿತ ಜ್ಯೋತ್ಸ್ನಾ ಬೆನ್ ಅವರಿಗೆ ಮಂಡಿ ನೋವು. ನನಗೆ ಯಾವ ನೋವೂ ಇರಲಿಲ್ಲ, ಕಿಟಕಿ ಇತ್ತು. ಮುಂಬ್ರಾ ಗುಡ್ಡವನ್ನು ಅಷ್ಟು ಭಕ್ತಿಯಿಂದ ನಾನು ಹಿಂದೆಂದೂ ನೋಡಿರಲಿಲ್ಲ. ರೈಲು ಠಾಣೆ ನಿಲ್ದಾಣ ತಲುಪುವ ಹೊತ್ತಿಗೆ ಮುಗ್ಧಾ ಬಾಗಿಲ ಬಳಿ, ಚಪ್ಪಲಿಗಳ ನಡುವೆ ನೆಲದಲ್ಲಿ ಕುಳಿತಿದ್ದಳು. ನನಗೆ ನಾಚಿಕೆಯಾಯಿತು. ಆದರೂ ನಾನು ಏಳಲಿಲ್ಲ.

ಸ್ವಾಮಿ, ಸ್ವಲ್ಪ ಸರಿಯಿರಿ ಎಂದರೆ ಇಲ್ಲವೆನ್ನುವ ಹೆಂಗಸು ಈ ಊರಿನಲ್ಲಿಲ್ಲ. ಇಡೀ ಸೀಟು ಬಿಟ್ಟುಕೊಡಿ ಎಂದರೆ ಹೂಂ ಎನ್ನುವವಳೂ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ಒಳ್ಳೆಯತನದ ಅಳತೆ ಅಷ್ಟೇ, ನಾಲ್ಕು ಬೆರಳು. ಅದನ್ನು ಕೊಡುವುದಕ್ಕೂ ತಾವು ಈಗ ಅಡ್ಡಗೋಡೆ ಕಟ್ಟಿದ್ದೀರಿ. ಅಂಗವಿಕಲರಿಗೆ, ಬಸುರಿಯರಿಗೆ ಪ್ರತ್ಯೇಕ ಬೋಗಿ ಇದೆಯಲ್ಲ ಎನ್ನುತ್ತೀರಾ? ಇದೆ, ಅದಕ್ಕೆ ಹತ್ತಲು ಗರಡಿಯಲ್ಲಿ ಪಳಗಿರಬೇಕು. ಮೊದಲ ದರ್ಜೆಯ ಪಾಸು ಮಾಡಿಸಲಿ ಎನ್ನುತ್ತೀರಾ? ಅಲ್ಲಿಯೂ ನಿಲ್ಲುವುದೇ. ಕಾಲು ತುಳಿದವರು ಇಂಗ್ಲಿಷಿನಲ್ಲಿ ಕ್ಷಮೆ ಕೇಳುತ್ತಾರೆ, ಅಷ್ಟೇ ಹೆಚ್ಚಿನ ಸೌಲಭ್ಯ.

ಹೋದ ವಾರದಿಂದ ಮುಗ್ಧಾ ನಮ್ಮ ಬೋಗಿಗೆ ಬರುತ್ತಿಲ್ಲ. ಕೆಲಸ ಬಿಟ್ಟಳೇನೋ ಎಂದು ಹೆದರಿ ಫೋನು ಮಾಡಿದೆ.

"ಇಲ್ಲ ಅಕ್ಕಾ, ಗಂಡಸರ ಬೋಗೀಲಿ ಹೋಗ್ತಿದೀನಿ. ಬೇಜಾರು ಮಾಡ್ಕೋಬೇಡಿ. ಅಲ್ಲಿ ಹಳೇ ಬೆಂಚೇ ಇದೆ. 'ಅಣ್ಣಾ, ಸರೀರಿ' ಅಂದೆ, ಮೂರು ಜನಾನೂ ಸರಿದ್ರು."

ನಮ್ಮ ಮಹಿಳಾ ಬೋಗಿಯ ಮಾನ ಹೋಯಿತು, ಇರಲಿ. "ಆ ನೂಕುನುಗ್ಗಲಲ್ಲಿ ಹೇಗೆ ಹತ್ತುತ್ತೀಯೇ?" ಎಂದು ಬೈದೆ.

"ಹೊಟ್ಟೆ ಮೇಲೆ ಎರಡೂ ಕೈ ಇಟ್ಕೋತೀನಿ ಅಕ್ಕಾ. ಬಾಗಿಲ ಕಂಬ ಹಿಡ್ಕೊಳ್ಳೋಕೆ ಕೈ ಉಳಿಯಲ್ಲ, ಹಿಂದಿನವರು ತಳ್ತಾರಲ್ಲ, ಒಳಗೆ ಹೋಗ್ಬಿಡ್ತೀನಿ."

ಹಿಂದಿನವರು ಒಂದು ದಿನ ಓರೆಯಾಗಿ ತಳ್ಳಿದರೆ ಏನು ಗತಿ? ಅವಳಿಗೆ ಇನ್ನೂ ಒಂದೂವರೆ ತಿಂಗಳ ಓಡಾಟ ಬಾಕಿಯಿದೆ. ಆ ಉಕ್ಕಿನ ಕೈಗಳನ್ನು ಈ ವಾರವೇ ಬಿಚ್ಚಿಸಿ. ಸಮಿತಿ ನೇಮಿಸಬೇಡಿ, ಸಮೀಕ್ಷೆಯಂತೂ ಬೇಡವೇ ಬೇಡ. ತಮ್ಮ ವರದಿ ಬರುವವರೆಗೆ ಅವಳ ಮಗು ಕಾಯುವುದಿಲ್ಲ.

ಇಂತಿ,
ಎದ್ದು ನಿಲ್ಲಬಹುದಾಗಿದ್ದೂ ನಿಲ್ಲದ,
ಸುಲಭಾ ಖಾನೋಲ್ಕರ್
ಮಹಿಳೆಯರ ಎರಡನೇ ದರ್ಜೆ, ಬದ್ಲಾಪುರ